ತವರ

ಹುಳಿ ತಾಗಿದರೆ ತಾಮ್ರ ಹಸಿರು ಕಾರುತ್ತದೆ.
ಅದಕ್ಕೇ ಕಲಾಯಿ.
ಕುಳಿ ತೋಡಿ, ಇದ್ದಿಲು ಸುರಿದು, ತಿದಿ ಒತ್ತಿ,
ಕೊಳಗ ಕಾದು ಬಂದಾಗ ನವಸಾಗರ ಚೆಲ್ಲಿ
ತವರದ ಕಡ್ಡಿ ಎರಡು ಗೀರು, ಹತ್ತಿಯಲ್ಲೊಂದು ಸುತ್ತು.
ಬಿಳಿ ಹೊಗೆ ಏಳುತ್ತದೆ. ಒಳಗೆ ಹುಣ್ಣಿಮೆ.
ಇಮಾಮ್‌ಬಾಡದಿಂದ ಕೋಣಂದೂರಿನವರೆಗೆ
ನಾನು ಕಲಾಯಿ ಹಾಕದ ಮದುವೆ ಪಾತ್ರೆಯಿಲ್ಲ.

ನನ್ನ ಮಗಳ ಒಳಗೇ ಕಲಾಯಿ ಇರಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಅವಳ ಅಕ್ಷರ ಕುಗ್ಗಿತು,
ಗೆರೆ ಬಿಟ್ಟು ಇಳಿಯಿತು, ದಾರಿ ತಪ್ಪಿದ ಇರುವೆಯಂತೆ.
ಲೋಟ ಹಿಡಿದರೆ ಚಹಾದಲ್ಲಿ ಅಲೆ.
ಆಮೇಲೆ ಆ ನಗು.
ತಬಸ್ಸುಮ್ ಎಂದರೆ ನಗು ಎಂದೇ ಅರ್ಥ, ಹೆಸರಿಟ್ಟವನು ನಾನೇ.
ಬಯ್ದರೂ ಹೋಗದ, ಅತ್ತರೂ ಇಳಿಯದ ನಗು.
ಮೇಷ್ಟ್ರು ಅದಕ್ಕೂ ಹೊಡೆದರು.

ಹಣಗೆರೆಕಟ್ಟೆಗೆ ಹೋಗಿ ಬೀಗ ಹಾಕಿ ಬಂದೆವು.
ಕೀಲಿಯನ್ನು ಹೆಂಡತಿ ಸೆರಗಿಗೆ ಗಂಟು ಹಾಕಿಕೊಂಡಳು.

ಮೆಗ್ಗಾನಿನಲ್ಲಿ ಕಣ್ಣಿನ ಡಾಕ್ಟರಮ್ಮ ದೀಪ ಬಿಟ್ಟು ನೋಡಿ
ನನ್ನನ್ನೂ ಕರೆದು ತೋರಿಸಿದರು:
ಕರಿಗುಡ್ಡೆಯ ಅಂಚಿಗೆ ಕಂದು ಹಸಿರಿನ ಬಳೆ.
ಮೂವತ್ತು ವರ್ಷ ಕಂಡ ಬಣ್ಣ. ಯಾರನ್ನೂ ಕೇಳಬೇಕಾಗಿರಲಿಲ್ಲ.
'ತಾಮ್ರ' ಎಂದೆ.
ಅವರು ನನ್ನ ಕೈ ನೋಡಿದರು.

ಬೀದಿಯೂ ನೋಡಿತು. ಕಸುಬಿನ ಪಾಪ ಅಂದಿತು,
ಪಾತ್ರೆ ಕೆರೆದ ಪುಡಿ ಮಗು ನೆಕ್ಕಿದೆ ಅಂದಿತು.
ಒಂದು ಹಗಲು ಒಂದು ರಾತ್ರಿಯ ಉಚ್ಚೆಯನ್ನು
ಐದು ಲೀಟರ್ ಕ್ಯಾನಿನಲ್ಲಿ ಹಿಡಿದು
ಸಿಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ಕೂತೆ.
'ಏನ್ ಸಾಬ್ರೆ, ಜೇನಾ?' ಅಂದ ಕಂಡಕ್ಟರ್.
ಹೂಂ ಅಂದೆ.

'ನಿಮ್ಮ ಕಸುಬಲ್ಲ, ಪೀರಾನ್ ಸಾಬ್,' ಅಂದರು ದೊಡ್ಡ ಡಾಕ್ಟರು.
'ಎಲ್ಲರ ಊಟದಲ್ಲೂ ತಾಮ್ರ ಇದೆ. ಹೆಚ್ಚಾದದ್ದನ್ನು
ಲಿವರು ಹೊರಗೆ ಹಾಕುತ್ತದೆ. ಇವಳದಕ್ಕೆ ಆ ಬಾಗಿಲಿಲ್ಲ.
ಬಾಗಿಲು ಮಾಡುವ ಬರಹದಲ್ಲೇ ಒಂದಕ್ಷರ ತಪ್ಪು.
ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು.
ಒಂದು ಸರಿಯಿದ್ದರೂ ಸಾಕಿತ್ತು.'

ಅಜ್ಜ ನೆನಪಾದ. ಪಾತ್ರೆಗೆ ಹೆಸರು ಕೊರೆಯುತ್ತಿದ್ದ,
ಚುಕ್ಕಿ ಚುಕ್ಕಿ, ಉಳಿ ಹಿಡಿದು. ಒಮ್ಮೆ ತಿಮ್ಮಪ್ಪನಿಗೆ
ಒಂದು ಒತ್ತು ಬಿಟ್ಟ.
ತಿಮಪ್ಪನ ಕೊಳಗದಲ್ಲಿ ಮೂರು ಮದುವೆಯ ಸಾರು ಕುದಿಯಿತು.
ಯಾರೂ ಓದಲಿಲ್ಲ. ಸಾರಿಗೆ ಒತ್ತು ಬೇಕೆ?

ಒಂದೇ ತಪ್ಪಿನ ಎರಡು ಕೊಳಗ
ಒಂದೇ ಒಲೆಗೆ ಬಂದದ್ದು ಹೇಗೆ?
ಅಮ್ಮೀ ತನ್ನ ಅಣ್ಣನ ಮಗಳನ್ನೇ ನನಗೆ ತಂದಳು.
ಗುರುತಿನ ಮನೆ, ಗುಟ್ಟು ಹೊರಗೆ ಹೋಗದು ಅಂದಳು.
ಅವಳ ತವರೇ ನನ್ನ ಹೆಂಡತಿಯ ತವರು.
ಆ ತವರಿನ ತಾಮ್ರ ನನ್ನ ತವರದ ಕೆಳಗೆ
ನಲವತ್ತು ವರ್ಷ ಸುಮ್ಮನೆ ಮಲಗಿತ್ತು.

ಹದಿನಾರಕ್ಕೇ ಸತ್ತ ಖಾಲಾಳ ಮಾತು ಈಗ ಬಂತು.
ಕಾಮಾಲೆ ಎಂದಿದ್ದರು, ಗಾಳಿ ಎಂದಿದ್ದರು.
ಕೈ ನಡುಗುತ್ತಿತ್ತಂತೆ.
ಅವಳ ಅಕ್ಷರ ಕುಗ್ಗಿತ್ತೋ ಇಲ್ಲವೋ ಯಾರಿಗೂ ತಿಳಿಯದು,
ಬರೆಯಲು ಕಲಿಸಿರಲಿಲ್ಲ.

ಮಗನ ರಕ್ತವನ್ನೂ ಕೊಟ್ಟೆವು. ಅವನಲ್ಲಿ ಒಂದೇ ಪ್ರತಿ ತಪ್ಪು.
ಅವನಿಗೇನೂ ಆಗದು. ನನ್ನಂತೆ, ಅವನಮ್ಮನಂತೆ.
ನನ್ನ ತಂಗಿ ಮಾತ್ರ ತನ್ನ ಮಗಳು ಅವನಿಗೇ ಎಂದು
ತೊಟ್ಟಿಲಲ್ಲೇ ಹೇಳಿಟ್ಟಿದ್ದಾಳೆ.
'ಹುಡುಗಿಯ ರಕ್ತವನ್ನೂ ಒಮ್ಮೆ ತೋರಿಸು' ಅಂದೆ.
ತಟ್ಟೆ ತಳ್ಳಿ ಎದ್ದಳು. ರಂಜಾನಿಗೂ ಬರಲಿಲ್ಲ.

ಬೆಳಿಗ್ಗೆ ಬರಿಹೊಟ್ಟೆಗೆ ಮಾತ್ರೆ. ಒಂದು ಗಂಟೆ ಏನೂ ತಿನ್ನುವಂತಿಲ್ಲ.
ಗೋಡಂಬಿ ಬೇಡ, ಕಲೀಜ ಬೇಡ, ಅಣಬೆ ಬೇಡ.
ಆ ಗಂಟೆ ಅವಳು ನನ್ನ ಲೆಕ್ಕದ ಪುಸ್ತಕ ಬರೆಯುತ್ತಾಳೆ:
ರಿಪ್ಪನ್‌ಪೇಟೆ, ತಪ್ಪಲೆ ನಾಲ್ಕು, ಬಾಕಿ ಇನ್ನೂರು.
ಒಂದೊಂದು ಒತ್ತಿಗೆ ಅರ್ಧ ನಿಮಿಷ.
ಕೈ ಬಾಗುತ್ತದೆ, ತಡೆದು ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ.
ನಾನು ತಿದಿ ಒತ್ತುವುದನ್ನು ಬಿಟ್ಟು ನೋಡುತ್ತೇನೆ.
ಕೊಳಗ ಕಾಯುತ್ತಿರುತ್ತದೆ.