ಎರಡು ಕಿಲೋ

ತಕ್ಕಡಿ ಬೇಕಿರಲಿಲ್ಲ ನನಗೆ.
ಅಂಜಲನ್ನು ಬಾಲ ಹಿಡಿದು ಎತ್ತಿದರೆ ಸಾಕು,
ಮೊಣಕೈ ಹೇಳುತ್ತಿತ್ತು: ಒಂದು ಮುಕ್ಕಾಲು,
ಐವತ್ತು ಗ್ರಾಂ ಆಚೆ ಈಚೆ.

ವಾತ ಅದನ್ನು ತಿಂದಿತು, ಹದಿನಾಲ್ಕು ವರ್ಷ,
ಪೆಟ್ಟಿಗೆಯೊಳಗೆ ಐಸು ಕರಗುವ ಹಾಗೆ.
ಕೈ ಬಾಯಿಯ ತನಕ ಬರುವುದನ್ನು ಬಿಟ್ಟ ಮೇಲೆ
ಎಡಗೈಯಲ್ಲಿ ಉಂಡೆ.
ಮದುವೆ ಊಟಕ್ಕೆ ಹೋಗುವುದು ಬಿಟ್ಟೆ.

ಗುಡ್ಡೆ ಮೇಲಿನ ದೊಡ್ಡ ಆಸ್ಪತ್ರೆಯಲ್ಲಿ ಫೋಟೋ ತೋರಿಸಿದರು,
ನಮ್ಮ ಹಿತ್ತಿಲ ಬಾಗಿಲಿಗೆ ಇರುವಂಥದೇ ಬಿಜಾಗರಿ.
"ಹತ್ತು ವರ್ಷ ಬಾಳಬಹುದು."
"ಹದಿನೈದು ಮಾಡಿ," ಅಂದೆ.
ಎಂತ ಮಾಡುವುದು, ಬಾಯಿಚಟ,
ಮಲ್ಪೆಯಲ್ಲಿ ಹೇಳಿದ ರೇಟಿಗೆ ಕೊಂಡವರು ಯಾರುಂಟು?
ಡಾಕ್ಟರು ನಗಲಿಲ್ಲ.
ಸಡಿಲ ಆಗಬಹುದು, ಕೀವು ಕಟ್ಟಬಹುದು, ನರ ಮರಗಟ್ಟಬಹುದು.
ಎಲ್ಲ ಸರಿಯಾದರೂ ಈ ಕೈ
ಎರಡು ಕಿಲೋಗಿಂತ ಹೆಚ್ಚು ಎತ್ತಬಾರದು,
ಜೀವ ಇರುವ ತನಕ.

ಎರಡು ಕಿಲೋ ಎಂದರೆ ಎಷ್ಟೆಂದು
ನನಗೆ ಹೇಳಿಕೊಟ್ಟರು,
ಎರಡು ಪ್ಯಾಕೆಟ್ ಸಕ್ಕರೆ, ಎರಡು ಲೀಟರ್ ಹಾಲು.
ತಲೆಯಾಡಿಸಿದೆ.

ಹನ್ನೊಂದನೇ ದಿನ ಹೊಲಿಗೆಯ ಬಟ್ಟೆ ಒದ್ದೆ.
ಮೊದಲು ಗೊತ್ತಾದದ್ದು ನನ್ನ ಮೂಗಿಗೆ,
ನಲವತ್ತು ವರ್ಷ ಕೆಟ್ಟ ಮೀನನ್ನು ಬೇರೆ ಮಾಡಿದ ಮೂಗು.
ನರ್ಸಿಗೆ ಹೇಳಿದೆ. "ಏನಿಲ್ಲ ಅಮ್ಮ," ಅಂದಳು.
ಸಂಜೆ ಚಳಿಜ್ವರ.
ಮತ್ತೆ ತೆರೆದರು, ತೊಳೆದರು.
ಆರು ವಾರ ಸೂಜಿ. ಎರಡು ಬಳೆ ಬ್ಯಾಂಕಿಗೆ ಹೋಯಿತು,
ಇನ್ನೂ ಅಲ್ಲೇ ಉಂಟು.

ಮೊದಲ ಸಲ ಗಂಜಿಯ ಚಮಚ
ಬಲಗೈಯಲ್ಲೇ ತುಟಿಗೆ ತಾಗಿದಾಗ
ಉಪ್ಪಿನಕಾಯಿ ಹಾಕಿಕೊಳ್ಳುವುದೇ ಮರೆತೆ.
ಸಪ್ಪೆ ಗಂಜಿ. ಪೂರಾ ಕುಡಿದೆ.

ಕಿರುಬೆರಳು ಮಾತ್ರ ವಾಪಸು ಬಂದಿಲ್ಲ.
ಐಸಿಗೆ ಕೈ ಹಾಕಿದರೆ ಉಳಿದವು ಬೊಬ್ಬೆ ಹೊಡೆಯುತ್ತವೆ,
ಅದು ನೆಂಟರ ಮನೆಗೆ ಬಂದ ಮಗುವಿನ ಹಾಗೆ
ಸುಮ್ಮನೆ ಕೂತಿರುತ್ತದೆ.

ಬುಟ್ಟಿ ಎತ್ತುವುದು ಈಗ ನಾದಿನಿ ವಾರಿಜ.
ನಾನು ಕೂತು ರೇಟು ಹೇಳುತ್ತೇನೆ, ಬೈಯುತ್ತೇನೆ.
ನಿನ್ನೆ ಪರಿಚಯದವರೊಬ್ಬರು ಅಂಜಲ್ ತೋರಿಸಿ,
"ಎಷ್ಟುಂಟು ರಾಜೀವಿಯಕ್ಕ, ಕೈಯಲ್ಲೇ ಹೇಳಿ," ಅಂದರು.
ವಾರಿಜ ಬೇಡ ಎನ್ನುವ ಮೊದಲೇ ಎತ್ತಿದೆ.

ಬಿಜಾಗರಿ ಏನೂ ಹೇಳಲಿಲ್ಲ.
ಕಾದೆ.
ಮೀನಿನ ಬಾಯಿಂದ ನೀರು ಇಳಿದು
ಸೀರೆಯ ನೆರಿಗೆ ಒದ್ದೆಯಾಯಿತು.
ಆಮೇಲೆ ಭುಜದ ಹತ್ತಿರ, ಎಲ್ಲೋ ಮೇಲೆ,
ಹಳೆಯದೊಂದು ಜಗ್ಗಿದ ಹಾಗಾಯಿತು.
"ಒಂದು ಒಂಬೈನೂರು."

ತಕ್ಕಡಿ ಎರಡು ಕಿಲೋ ನೂರು ಎಂದಿತು.

ಆ ನೂರರ ದುಡ್ಡು ತೆಗೆದುಕೊಳ್ಳಲಿಲ್ಲ ನಾನು.
ಡಾಕ್ಟರಿಗೂ ಹೇಳುವುದಿಲ್ಲ.