ಬೀಡಿ ಕಾಗದ

ಫಿನ್ನುಗಳ ಸಂದಿಯಲ್ಲಿ ಇನ್ನೂ ಇತ್ತು
ಎಪ್ಪತ್ತೊಂಬತ್ತರ ರೇಸಿನ ಕೆಸರು.
ಸೀಮೆಎಣ್ಣೆಯಲ್ಲಿ ನೆನೆಸಿ ಹಳೇ ಬ್ರಷ್ಷಿನಿಂದ ಉಜ್ಜಿದೆ;
ಟಬ್ಬಿನ ತಳಕ್ಕೆ ವರುಣಾ ಬಯಲು
ಕೆಂಪಗೆ ಇಳಿದು ಕೂತಿತು.

ಮಂಡಿ ಮೊಹಲ್ಲಾದ ಇದೇ ಶೆಡ್ಡಿನಲ್ಲಿ
ಉಸ್ತಾದ್ ಮುನೀರ್ ಪಾಷಾ ಟೈಮಿಂಗ್ ಕಟ್ಟುತ್ತಿದ್ದರು:
ಪ್ಲಗ್ಗಿನ ತೂತಿಗೆ ಸೈಕಲ್ ಕಡ್ಡಿ,
ಕಡ್ಡಿಯ ಮೇಲೆ ಬ್ಲೇಡಿನ ಗೀರು,
ಪಾಯಿಂಟಿನ ತುಟಿಗಳ ನಡುವೆ
ಬೀಡಿ ಕಟ್ಟಿನ ತೆಳು ಕಾಗದ.
ಕೂದಲಷ್ಟು ಕೂದಲಷ್ಟೇ ತಿರುಗಿಸಿ
ಕಾಗದ ಸಡಿಲಾದ ಕ್ಷಣ
‘ಹ್ಞಾಂ’ ಅನ್ನೋರು.
ಆ ಹ್ಞಾಂ ಕಲಿಯೋಕೆ ನನಗೆ ಆರು ವರ್ಷ ಹಿಡೀತು.

ಈಗ ಕೊರಿಯರಿನಲ್ಲಿ ಬಂದಿದೆ ಕರಿ ಡಬ್ಬಿ.
ಪಾಯಿಂಟಿಲ್ಲ, ಕಂಡೆನ್ಸರಿಲ್ಲ;
ಆಯಸ್ಕಾಂತ ಸುತ್ತುತ್ತೆ, ಏನನ್ನೂ ಮುಟ್ಟಲ್ಲ.
ಮುಟ್ಟದ್ದು ಸವೆಯಲ್ಲವಂತೆ.
ನಾಲ್ಕು ಸ್ಕ್ರೂ, ಮೂರು ವೈರು, ಅರ್ಧ ದಿನ.

ಮಂಡಿಯೊಳಗೆ ಸ್ಟೀಲು ಹಾಕಿಸಿಕೊಂಡ
ತಂಗಮ್ಮ ಮೇಡಂ ಮೊದಲೇ ಹೇಳಿದ್ದರು:
‘ಹತ್ತು ಸಲ ಒದೆಯೋಕಾಗಲ್ಲಪ್ಪ, ಒಂದಕ್ಕೇ ಏಳಬೇಕು.’
ಆ ರೇಸಿನಲ್ಲಿ ಹದಿನೇಳು ಗಂಡಸರು, ಇವರೊಬ್ಬರೇ ಹೆಂಗಸು.
ಮೂರನೇ ಸುತ್ತಲ್ಲಿ ಹೋಗಿದ್ದು ಆ ಮಂಡಿ.

ಬಂದರು. ಒದ್ದರು. ಒಂದಕ್ಕೇ ಎದ್ದಿತು.
ನೀಲಿ ಹೊಗೆ; ಎದುರಂಗಡಿಯ ಕೋಳಿಗಳೆಲ್ಲ
ಬುಟ್ಟಿಯೊಳಗೇ ರಂಪ.
ಅವರು ನಗಲಿಲ್ಲ. ಕಿವಿ ಓರೆ ಮಾಡಿ ಕೇಳಿದರು:
‘ಮೊದಲು ಸ್ವಲ್ಪ ತೊದಲುತ್ತಿತ್ತಲ್ವಾ?’

ಏನು ಹೇಳಲಿ.
ಹಳೇ ಪಾಯಿಂಟನ್ನು ಬೆಂಕಿಪೊಟ್ಟಣಕ್ಕೆ ಹಾಕಿ
ಕೈಗಿಟ್ಟೆ: ಸೀಟಿನಡಿ ಇರಲಿ ಮೇಡಂ,
ದಾರೀಲಿ ಡಬ್ಬಿ ಕೈಕೊಟ್ಟರೆ
ಬೀಡಿ ಸೇದೋರು ಯಾರಾದ್ರೂ ಸಿಗ್ತಾರೆ.