ಮುನ್ನೂರು ಗ್ರಾಂ ಗಾಳಿಸುದ್ದಿ

ರಜೆಚೀಟಿ ಬರೆಯದೆ ಹೋದ ಸೂರ್ಯ
ಜನವರಿಯ ಮೂರನೇ ವಾರದ ತನಕ
ವಾರ್ಡೋ ಕಡೆ ತಲೆ ಹಾಕುವುದಿಲ್ಲ.
ಮಧ್ಯಾಹ್ನ ಹನ್ನೆರಡಕ್ಕೂ ಬಂದರಿನಲ್ಲಿ ದೀಪ.
ನಾನು, ತುರಿಡ್, ತಪಾಸಣೆಯವಳು,
ಒಂದು ಬಗಲಿಗೆ ಆಂಟೆನಾ, ಇನ್ನೊಂದಕ್ಕೆ ಅಳತೆಪೆಟ್ಟಿಗೆ,
ಮೀನು ಕಾರ್ಖಾನೆಯ ಹೊಸ್ತಿಲಲ್ಲಿ ಬೂಟಿನ ಹಿಮ ಕೊಡವುತ್ತೇನೆ.

ದೂರು ಇಷ್ಟು:
ಎರಡನೇ ಸಾಲಿನ ತಕ್ಕಡಿ ಇಪ್ಪತ್ತು ಕಿಲೋ ಎಂದ ಪೆಟ್ಟಿಗೆ
ಪೋರ್ಟೊದಲ್ಲಿ ಇಳಿದಾಗ ಮುನ್ನೂರು ಗ್ರಾಂ ಕಡಿಮೆ.
ಹಾದಿಯಲ್ಲಿ ಕಾಡ್ ಮೀನು ಸೊರಗುತ್ತದೆಯೆ?
ಐಸು ಕರಗುತ್ತದೆ, ಅದರ ಲೆಕ್ಕ ಬೇರೆ ಇದೆ.
ಉಳಿದದ್ದು ದಾಂಗುಲೆಯ ಕೈ.
ಲಿಥುವೇನಿಯದವಳು, ಹನ್ನೊಂದು ಚಳಿಗಾಲ ಇದೇ ಸಾಲಿನಲ್ಲಿ,
ಕೈಗವಸಿನೊಳಗೆ ಇನ್ನೊಂದು ಕೈಗವಸು.
ಮೂರು ತಿಂಗಳಿಂದ ಅವಳ ಸಂಬಳದ ಚೀಟಿಯಲ್ಲಿ
‘ತೂಕದ ವ್ಯತ್ಯಾಸ’ ಎಂಬ ಹೆಸರಿನ ಸಣ್ಣ ಕಚ್ಚು.

ಮೇಸ್ತ್ರಿ ಆಸ್ಲಾಕ್ ಕಪಾಟು ತೋರಿಸುತ್ತಾನೆ,
ಮೊಮ್ಮಗುವನ್ನು ತೋರಿಸಿದ ಹಾಗೆ:
ಬೇಸಿಗೆಯಲ್ಲಿ ಕೂರಿಸಿದ ಹೊಸ ಡ್ರೈವ್,
ಬೆಲ್ಟು ಹೊರಡಿಸುವುದು, ನಿಲ್ಲಿಸುವುದು,
ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ.
ಬದಿಯಲ್ಲಿ ಮುದ್ರೆಗಳ ಸಾಲು, ಕಡತದಲ್ಲಿ ಸರ್ಟಿಫಿಕೇಟು.
“ಪಾಸಾದ ಮಾಲು,” ಎನ್ನುತ್ತಾನೆ.
ಪಾಸಾಗಿದೆ, ಹೌದು. ಎಲ್ಲೋ ದಕ್ಷಿಣದ ಪ್ರಯೋಗಾಲಯದಲ್ಲಿ,
ನೀಲಿ ಸ್ಪಂಜಿನ ಮೊನೆಗಳು ಅಲೆಗಳನ್ನೆಲ್ಲ ನುಂಗುವ ಕೋಣೆಯಲ್ಲಿ,
ಹೇಳಿದ ಕೇಬಲ್ಲನ್ನು ಹೇಳಿದಂತೆ ಕಟ್ಟಿ.
ಮದುವೆ ದಿನದ ಫೋಟೋ ಅದು.
ಸಂಸಾರ ನಡೆಯುವುದು ಇಲ್ಲಿ, ಉಪ್ಪುನೀರಿನಲ್ಲಿ.

ಬೆಲ್ಟು ಹೊರಡುತ್ತದೆ. ನನ್ನ ಪರದೆಯ ಮೇಲೆ
ಹುಲ್ಲಿನಂತಿದ್ದ ಗೆರೆ ಒಮ್ಮೆಲೇ ಮುಳ್ಳುಬೇಲಿ.
ಸೆಕೆಂಡಿಗೆ ಎಂಟು ಸಾವಿರ ಸಲ ಹಚ್ಚಿ ಆರಿಸುವ ಯಂತ್ರ
ಗೊಣಗದೆ ಇದ್ದೀತೆ?
ಗೊಣಗಲಿ, ತನ್ನ ಮನೆಯೊಳಗೆ.
ಇದು ಗಾಳಿಸುದ್ದಿ ಹಬ್ಬಿಸಿದೆ,
ತಂತಿಯ ಗುಂಟ ಹೋಗಿ ತಕ್ಕಡಿಯ ಕಿವಿಯೂದಿದೆ.
ಬೆಲ್ಟು ವೇಗ ಹಿಡಿವ ನಾಲ್ಕು ಸೆಕೆಂಡು
ತಕ್ಕಡಿ ಅದರ ಮಾತು ನಂಬಿ
ಇಲ್ಲದ ಮುನ್ನೂರು ಗ್ರಾಂ ಕಾಣುತ್ತದೆ;
ದಾಂಗುಲೆ ತಕ್ಕಡಿಯ ಮಾತು ನಂಬಿ
ಒಂದು ತುಂಡು ಹಿಂದಕ್ಕೆ ತೆಗೆಯುತ್ತಾಳೆ.
ಕದ್ದವರು ಯಾರೂ ಇಲ್ಲ.

ಸ್ವಿಚ್ಚು ಕೆಳಗೆ. ಬೀಗ. ಕೀಲಿ ನನ್ನ ಜೇಬಿಗೆ.
ಆಮೇಲೆ ನಿಲ್ಲಬೇಕು. ಹಳದಿ ಚೀಟಿ ಹೇಳುತ್ತದೆ: ಹದಿನೈದು ನಿಮಿಷ.
ದೀಪ ಆರಿದ ಮೇಲೂ ಕೆಪಾಸಿಟರುಗಳು
ಹೊಟ್ಟೆಗೆ ಹಾಕಿಕೊಂಡದ್ದನ್ನು ಬೇಗ ಬಿಡುವುದಿಲ್ಲ.
“ಆರಿದೆಯಲ್ಲ!” ಆಸ್ಲಾಕ್‌ಗೆ ಅವಸರ.
ನನಗೆ ಕೆಲಸ ಕಲಿಸಿದ ಒಡ್ವಾರ್‌ಗೂ ಒಮ್ಮೆ ಆರಿತ್ತು.
ಬದುಕಿಕೊಂಡ; ಬಲಗೈ ಹೆಬ್ಬೆರಳು ಮತ್ತೆ ಮಡಚಲಿಲ್ಲ,
ಸಹಿ ಹಾಕುವಾಗಲೆಲ್ಲ ನೆಟ್ಟಗೆ ನಿಂತು ನಮ್ಮನ್ನು ನೋಡುತ್ತಿತ್ತು.
ನಾನು ಕೈಕಟ್ಟಿ ನಿಂತೆ. ದಾಂಗುಲೆಯೂ ಬಂದು ನಿಂತಳು.
ಥರ್ಮಾಸಿನ ಕಾಫಿ, ಒಂದೇ ಮುಚ್ಚಳ, ಇಬ್ಬರಿಗೆ.

ತೆರೆದರೆ,
ಮೋಟರಿನ ಕೇಬಲ್ಲಿನ ತಾಮ್ರದ ಜಾಲರಿಯನ್ನು
ಯಾರೋ ಗೇಣುದ್ದ ಜಡೆ ಹೆಣೆದು
ಒಂದೇ ತಿರುಪಿಗೆ ಸಿಕ್ಕಿಸಿದ್ದಾರೆ.
ಅಂದವಾಗಿದೆ. ಅದೇ ತಪ್ಪು.
ಜಾಲರಿಗೆ ಸುತ್ತಲೂ ಬಳೆ ತೊಡಿಸಿ
ಕಬ್ಬಿಣಕ್ಕೆ ಅಪ್ಪಿಸಬೇಕಿತ್ತು,
ಕಬ್ಬಿಣವೂ ಬರಿಮೈಯಲ್ಲಿ ಇರಬೇಕಿತ್ತು.
ಆಸ್ಲಾಕ್ ಅದಕ್ಕೆ ಕೆನೆಬಣ್ಣ ಬಳಿಸಿದ್ದ. ಎರಡು ಕೋಟು.

ಚಾಕುವಿನಿಂದ ಕೆರೆದೆ, ಲೋಹ ಹಲ್ಲು ಬಿಡುವ ತನಕ.
ಜಡೆ ಕತ್ತರಿಸಿದೆ. ಬಳೆ ಬಿಗಿದೆ.
ಖರ್ಚು: ಒಂದು ಕ್ಲಾಂಪು, ಇಪ್ಪತ್ತು ನಿಮಿಷ.
ಗೆರೆ ಮತ್ತೆ ಹುಲ್ಲಾಯಿತು.

ವರದಿಯಲ್ಲಿ ಅಂಕಣಗಳಿವೆ: ಆವರ್ತನ, ಮಿತಿ, ಅಳತೆ.
ಮೂರು ತಿಂಗಳ ಕಚ್ಚನ್ನು ಎಲ್ಲಿ ತುಂಬಲಿ?
‘ಇತರೆ’ಯಲ್ಲಿ ಬರೆದೆ.
‘ಇತರೆ’ಯನ್ನು ಯಾರೂ ಓದುವುದಿಲ್ಲವೆಂದು
ದಪ್ಪಕ್ಷರದಲ್ಲಿ ಬರೆದೆ.

ದಾಂಗುಲೆ ಕೈಗವಸು ಕಳಚಿದಳು, ಒಳಗಿನದನ್ನೂ.
ಬರಿಗೈಯನ್ನು ತಕ್ಕಡಿಯ ಮೇಲಿಟ್ಟಳು.
ಹನ್ನೊಂದು ಚಳಿಗಾಲದ ಕೈ, ಅಲುಗುವುದಿಲ್ಲ:
ನಾನೂರ ಹತ್ತು ಗ್ರಾಂ.
“ಹಚ್ಚು,” ಎಂದಳು ಆಸ್ಲಾಕ್‌ಗೆ.
ಬೆಲ್ಟು ಹೊರಟಿತು. ನಾನೂರ ಹತ್ತು.
ವೇಗ ಹಿಡಿಯಿತು. ನಾನೂರ ಹತ್ತು.
“ನಿಲ್ಲಿಸು. ಮತ್ತೆ ಹಚ್ಚು.”
ನನ್ನ ಬಸ್ಸಿಗೆ ಹೊತ್ತಾಗುತ್ತಿತ್ತು.
“ಇನ್ನೊಮ್ಮೆ,” ಎಂದಳು.
ಕೈ ತೆಗೆಯಲಿಲ್ಲ.